ಅಸಹಜವಾದದ್ದು ಏನೂ ಇಲ್ಲ

ಜನವರಿ 14, ಸೋಮವಾರ. ಮಧ್ಯಾಹ್ನ 2:15

ಶಾಲೆಯ ಮುಂದಿನ ಕಾರುಗಳ ಸಾಲಿನಲ್ಲಿ ಒಂಬತ್ತನೆಯವನು. ಶಾಲೆ ಬಿಡುವ ಬೆಲ್ಲಿಗೆ ಇನ್ನೂ ಮೂವತ್ತೈದು ನಿಮಿಷ. ಲ್ಯಾಪ್‌ಟಾಪ್ ಸ್ಟೀರಿಂಗಿಗೆ ಒರಗಿಸಿದ್ದೇನೆ. ಎದುರಿನ ಗ್ರಂಥಾಲಯದ ವೈಫೈ ರಸ್ತೆ ದಾಟಿ ಬರುತ್ತದೆ — ಎಂಟನೆಯ ಕಾರಿನಿಂದ ಹನ್ನೊಂದನೆಯದರವರೆಗೆ ಮಾತ್ರ. ಬೇಗ ಬಂದರೂ ನಷ್ಟ, ತಡವಾದರೂ ನಷ್ಟ.

ಆನ್‌ಲೈನ್ ಕೋರ್ಸಿನಲ್ಲಿ ಈ ವಾರದ ಚರ್ಚೆ: ರೋಗಿಯ ಬಳಿ ನರ್ಸ್ 'ಇರುವುದು' ಎಂದರೇನು? ಇನ್ನೂರೈವತ್ತು ಪದ. ಜೊತೆಗೆ ಇಬ್ಬರು ಸಹಪಾಠಿಗಳಿಗೆ ಉತ್ತರ. ಎಲ್ಲರೂ ಒಂದೇ ರೀತಿ ಶುರು ಮಾಡುತ್ತಾರೆ — ನಿಮ್ಮ ಬರಹ ಓದಿ ತುಂಬ ಖುಷಿಯಾಯಿತು. ನಾನೂ. ಅರಿಜೋನಾದ ಒಬ್ಬಳಿಗೆ, ಮೇನ್ ರಾಜ್ಯದ ಒಬ್ಬನಿಗೆ. ಇಬ್ಬರ ಮುಖವನ್ನೂ ನೋಡಿಲ್ಲ.

ನಲವತ್ತನಾಲ್ಕು ವರ್ಷ. ಹದಿನೇಳು ವರ್ಷ ಕಲ್ಲಿದ್ದಲ ಗಣಿಯಲ್ಲಿ, ಅದು ಮುಚ್ಚಿದ ಮೇಲೆ ಎರಡು ವರ್ಷ ನರ್ಸಿಂಗ್ ಡಿಪ್ಲೊಮಾ, ಐದು ವರ್ಷದಿಂದ ವೃದ್ಧರ ಆರೈಕೆ ಮನೆ. ಶುಕ್ರ, ಶನಿ, ಭಾನು, ಹನ್ನೆರಡು ಹನ್ನೆರಡು ಗಂಟೆ. ಆಗಸ್ಟಿನಲ್ಲಿ ಈ ಶಾಲೆಯ ನರ್ಸ್ ನಿವೃತ್ತಿಯಾಗುತ್ತಾರೆ. ಆ ಕೆಲಸಕ್ಕೆ ಪದವಿ ಬೇಕು. ಜುಲೈಯೊಳಗೆ ಮೂರು ಕೋರ್ಸ್ ಮುಗಿಸಬೇಕು. ಸಿಕ್ಕಿದರೆ ಚಿಕ್ಕ ಮಗಳು ಜೋಸಿಯ ಬೆಲ್ಲೇ ನನ್ನ ಬೆಲ್ಲು. ಎಂಟು ವರ್ಷದ ಹುಡುಗಿಗೆ ಭಾನುವಾರ ಅಪ್ಪ ಸಿಗುತ್ತಾನೆ.

ನೂರ ಎಂಬತ್ತು ಪದ ಆಯಿತು. ಸಾಲು ಮುಂದೆ ಸರಿಯುತ್ತಿದೆ. ಏಳನೆಯವನಾದೆ. ವೈಫೈ ಹೋ

ಜನವರಿ 17, ಗುರುವಾರ. ಬೆಳಿಗ್ಗೆ 6:40

ಓರ್ಲೀನಾ ಎಲ್ಲರಿಗಿಂತ ಮೊದಲು ಎದ್ದು ನಿನ್ನೆಯ ಬೀನ್ಸ್ ಸಾರಿನ ಪಾತ್ರೆ ಉಜ್ಜುತ್ತಿದ್ದರು. ಓರ್ಲೀನಾ ನನ್ನ ಅತ್ತೆ. ಅವರ ಮಗಳು ಟ್ರೀನಾ ನನ್ನನ್ನು ಬಿಟ್ಟು ಓಹಾಯೋದ ಡೇಟನ್‌ಗೆ ಹೋಗಿ ಮೂರು ವರ್ಷ. ಕಾಗದಪತ್ರದ ಪ್ರಕಾರ ಓರ್ಲೀನಾ ಈಗ ನನಗೆ ಏನೂ ಅಲ್ಲ. ಮಗಳು ಹೋದ ವಾರವೇ ತಾಯಿ ಒಂದು ಸೂಟ್‌ಕೇಸ್ ತಂದು ಜೋಸಿಯ ಕೋಣೆಯಲ್ಲಿ ಇಟ್ಟರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮಕ್ಕಳು ಮ್ಯಾಮಾ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಎರಡು ಗಂಟೆಯವರೆಗೆ ಶಾಲೆಯ ಅಡುಗೆಮನೆಯಲ್ಲಿ ಬಡಿಸುತ್ತಾರೆ. ನಾನು ಪಾಳಿಗೆ ಹೋದ ಮೂರು ದಿನ ಮನೆ ಪೂರ್ತಿ ಅವರದು.

ಕೋರ್ಸಿನ ದೊಡ್ಡ ಕೆಲಸ ಬಂದಿದೆ. ಒಬ್ಬ ಆರೋಗ್ಯವಂತ ವಯಸ್ಕರನ್ನು ತಲೆಯಿಂದ ಪಾದದವರೆಗೆ ಪರೀಕ್ಷಿಸಬೇಕು, ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತ ಹೋಗಬೇಕು, ಅದನ್ನು ವಿಡಿಯೋ ಮಾಡಬೇಕು. ಮೂವತ್ತು ನಿಮಿಷ ಮೀರಬಾರದು. ಎಲ್ಲೂ ಕತ್ತರಿಸಬಾರದು. ಮಧ್ಯೆ ಯಾರಾದರೂ ಬಂದರೆ ಮೊದಲಿನಿಂದ. ಫೆಬ್ರವರಿ 10 ಕೊನೆಯ ದಿನ.

"ನನ್ನನ್ನ ಮಾಡು ಅಪ್ಪಾ," ಎಂದಳು ಮಾರಿಬೆತ್. ಹದಿನಾಲ್ಕು ವರ್ಷ.

"ಹದಿನೆಂಟಾಗಿರ್ಬೇಕು."

"ಆಗಿದೆ ಅಂತ ಬರಿ. ನಿಮ್ಮ ಮೇಡಂ ಎದುರಿಗೆ ಬಂದು ನೋಡ್ತಾರಾ?"

"ನಿನ್ನ ಆಲ್ಜೀಬ್ರಾ ಮಾರ್ಕ್ಸ್ ನೋಡಿದ್ರೆ ಹತ್ತೂ ಅನ್ನಲ್ಲ," ಎಂದರು ಓರ್ಲೀನಾ, ಸಿಂಕಿನ ಕಡೆಯಿಂದ ತಿರುಗದೆ. ಮತ್ತೆ ಪಾತ್ರೆ ಮಗುಚಿಟ್ಟು, "ನಾನು ಕೂತ್ಕೋತೀನಿ. ಅರವತ್ತೇಳು ಸಾಕಾಗತ್ತಾ ನಿಮ್ಮ ಕಾಲೇಜಿಗೆ?"

ಜನವರಿ 22, ಮಂಗಳವಾರ. ಸಂಜೆ

ಮೊದಲ ಪ್ರಯತ್ನ. ಹನ್ನೊಂದು ನಿಮಿಷ.

ರೋಗಿಗೆ ಸ್ಥಳ, ಕಾಲದ ಅರಿವಿದೆಯೇ ಎಂದು ಮೊದಲು ಕೇಳಬೇಕು.

"ಈಗ ಎಲ್ಲಿದ್ದೀರಿ, ಹೇಳ್ತೀರಾ?"

"ಸೋಫಾ ಮೇಲೆ. ಅಳಿಯನ ಮುಂದೆ ಕಾಲುಚೀಲ ಬಿಚ್ಚಿ."

"ಇವತ್ತು ಯಾವ ವಾರ?"

"ನೀನು ಕಸ ಹೊರಗಿಡಬೇಕಾಗಿದ್ದ ವಾರ."

ಮಾದರಿ ಮಾತುಗಳ ಹಾಳೆ ಕಾಲೇಜಿನವರೇ ಕೊಟ್ಟಿದ್ದಾರೆ. ಕೂದಲು ಸಮನಾಗಿ ಹರಡಿದೆ. ಕಣ್ಣಿನ ಪಾಪೆ ಎರಡೂ ಒಂದೇ ಅಳತೆ. ಕತ್ತಿನ ಗ್ರಂಥಿ ಕೈಗೆ ಸಿಗುವುದಿಲ್ಲ. ಬಾಯಿಪಾಠ ಮಾಡಿದ್ದೇನೆ. ಕತ್ತಿನವರೆಗೆ ಬಂದಾಗ ಜೋಸಿ ಗೋಂದು ಕೇಳಿಕೊಂಡು ಬಂದಳು. ಹಿಂದೆಯೇ ಮಾರಿಬೆತ್, ಅವಳನ್ನು ಹಿಡಿಯಲು. ಈಗ ಕ್ಯಾಮೆರಾದಲ್ಲಿ ನಾಲ್ಕು ಜನ.

"ಸೌರವ್ಯೂಹ ನಾಳೆ ಕೊಡ್ಬೇಕು," ಎಂದಳು ಜೋಸಿ. "ಶನಿ ಬಿದ್ದುಹೋಗಿದೆ."

ಎಲ್ಲರೂ ಕೂತು ಶನಿಯನ್ನು ಅಂಟಿಸಿದೆವು.

ಜನವರಿ 29, ಮಂಗಳವಾರ

ಎರಡನೆಯದು. ಹದಿನೇಳು ನಿಮಿಷ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ ಏನೋ ಒರಟು ಸದ್ದು. ಗೋಡೆಯಾಚೆ ವಾಷಿಂಗ್ ಮಷಿನ್ ತಿರುಗುತ್ತಿತ್ತು. ಅಷ್ಟರಲ್ಲಿ ಮಾರಿಬೆತ್ ಫೋನಿನಲ್ಲಿ ಜಗಳವಾಡುತ್ತ ಅಡ್ಡ ಹಾದಳು. ನಿಲ್ಲಿಸಿದೆ. ಬೈದೆ. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ.

ಜನವರಿ 30

ಹಿಮ. ಶಾಲೆ ರಜೆ. ಜೋಸಿಗೆ ಕಿವಿನೋವು. ಮೂರನೆಯದು ಆಗಲಿಲ್ಲ. ಅಂಕಿಅಂಶದ ಕ್ವಿಜ್ ಆಯಿತು — ಒಂದು ಕೈಯಲ್ಲಿ ಮೌಸ್, ತೊಡೆಯ ಮೇಲೆ ಜೋಸಿಯ ತಲೆ. 72.

ಫೆಬ್ರವರಿ 2, ಶನಿವಾರ. ಆರೈಕೆ ಮನೆ, ಊಟದ ಬಿಡುವು

ಹದಿನೆಂಟು ಜನ ನನ್ನ ಪಾಲಿಗೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ: ಎಲ್ಲ ಸಹಜ. ಒತ್ತಿದರೆ ಇಪ್ಪತ್ತೆರಡು ಖಾನೆ ತಾವೇ ತುಂಬಿಕೊಳ್ಳುತ್ತವೆ. ಉಸಿರು ಸ್ಪಷ್ಟ. ಹೃದಯ ಸಹಜ. ಚರ್ಮ ಒಣ, ಬೆಚ್ಚಗೆ. ಎಲ್ಲರೂ ಒತ್ತುತ್ತೇವೆ. ಒತ್ತದಿದ್ದರೆ ಹದಿನೆಂಟನೆಯವರ ಮಾತ್ರೆ ನಾಳೆಗೆ ಹೋಗುತ್ತದೆ. ಆಮೇಲೆ ಸರಿಯಿಲ್ಲದ್ದನ್ನು ಹುಡುಕಿ ತಿದ್ದಬೇಕು. ನೆನಪಿದ್ದರೆ.

ಹನ್ನೆರಡನೆಯ ಕೋಣೆಯ ಮುದುಕ ನಮ್ಮ ಗಣಿಯಲ್ಲೇ ಇದ್ದವನು. ಸೂಜಿ ಹಿಡಿದು ಹೋದರೆ ಪ್ರತಿ ಸಲ ಇದೇ ಮಾತು. "ಬಂದ್ಯಾ? ಬಂಡೆಗೆ ರಂಧ್ರ ಕೊರೀತಿದ್ದ ಕೈ ಕಣೋ ಅದು. ಸ್ವಲ್ಪ ನೋಡ್ಕೊಂಡು."

ಫೆಬ್ರವರಿ 6, ಬುಧವಾರ. ಸಂಜೆ 7:30

ಮುಗಿಯಿತು. ಸೋಮವಾರದ್ದೂ ಮಂಗಳವಾರದ್ದೂ ಕೆಟ್ಟವು; ಇದು ಐದನೆಯ ಪ್ರಯತ್ನ. ಇಪ್ಪತ್ತೆಂಟು ನಿಮಿಷ ನಲವತ್ತು ಸೆಕೆಂಡ್.

ಬುಧವಾರ ಸಂಜೆ ಚರ್ಚಿನ ಬಸ್ ಮಕ್ಕಳನ್ನು ಕರೆದೊಯ್ಯುತ್ತದೆ. ಓರ್ಲೀನಾ ಬುಧವಾರದ ಪ್ರಾರ್ಥನೆ ತಪ್ಪಿಸಿದ್ದು ನಾನು ಕಂಡಿಲ್ಲ. ಇವತ್ತು ತಪ್ಪಿಸಿದರು. ಮಷಿನ್ ಆಫ್. ಫೋನ್ ಆಫ್. ಫ್ರಿಜ್ಜಿನ ಪ್ಲಗ್ ಸಹ ಕಿತ್ತೆ.

ಏಳು ಹತ್ತಕ್ಕೆ ಕಳಿಸಿದೆ. ಪರದೆಯ ಮೇಲೆ ಹಸಿರು ಗುರುತು ಬಂತು.

ಫ್ರಿಜ್ಜಿನ ಪ್ಲಗ್ ಹಾಕಬೇಕು.

ಫೆಬ್ರವರಿ 7, ಗುರುವಾರ

ನಿನ್ನೆ ಬರೆಯದೆ ಬಿಟ್ಟದ್ದು.

ಕೇಳಿಸಿತು. ಓರ್ಲೀನಾ ಅವರ ಎದೆಮೂಳೆಯ ಬಲಕ್ಕೆ, ಎರಡನೆಯ ಪಕ್ಕೆಲುಬಿನ ಕೆಳಗೆ. ಬಡಿತದ ಮೊದಲ ಸದ್ದಿಗೂ ಎರಡನೆಯದಕ್ಕೂ ನಡುವೆ ಖಾಲಿ ಇರಬೇಕು. ಖಾಲಿ ಇರಲಿಲ್ಲ. ಹಸಿ ಮರದಲ್ಲಿ ಗರಗಸ ಎಳೆದ ಹಾಗೆ. ಕತ್ತಿನಲ್ಲೂ ಇತ್ತು — ಆಗಲೇ ಗೊತ್ತಾಗಬೇಕಿತ್ತು. ಹೃದಯದ ಬಾಗಿಲು — ಕವಾಟ — ಕಿರಿದಾದವರ ಸದ್ದು. ಪುಸ್ತಕದಲ್ಲಿ ಓದಿದ್ದೇನೆ, ಆರೈಕೆ ಮನೆಯಲ್ಲಿ ಕೇಳಿದ್ದೇನೆ. ಅನುಮಾನವಿಲ್ಲ.

ಮತ್ತು ನನ್ನ ಬಾಯಿ ಹೇಳಿತು: "ಎರಡೂ ಸದ್ದು ಸ್ಪಷ್ಟ. ಬೇರೆ ಸದ್ದಿಲ್ಲ. ಅಸಹಜವಾದದ್ದು ಏನೂ ಇಲ್ಲ."

ಆ ದನಿ ಚೆನ್ನಾಗಿಯೇ ಇತ್ತು. ತಡವರಿಸಲಿಲ್ಲ.

ನಿಯಮ ಹೀಗಿದೆ. ಏನಾದರೂ ಅಸಹಜ ಕಂಡರೆ ಅಲ್ಲೇ ನಿಲ್ಲಿಸಿ, ಆ ವ್ಯಕ್ತಿಯನ್ನು ವೈದ್ಯರ ಬಳಿ ಕಳಿಸಿ, ಬೇರೆಯವರನ್ನು ಹುಡುಕಿ ಹೊಸದಾಗಿ ಚಿತ್ರೀಕರಿಸಬೇಕು. ನಾಳೆಯಿಂದ ಮೂರು ದಿನ ಪಾಳಿ. ಭಾನುವಾರ ಕೊನೆಯ ದಿನ. ಇದನ್ನೆಲ್ಲ ಆ ಕ್ಷಣದಲ್ಲಿ ಲೆಕ್ಕ ಹಾಕಿದೆನೆ? ಹಾಕಿದೆ ಎಂದು ಬರೆದರೆ ನನ್ನ ಬಗ್ಗೆ ಸ್ವಲ್ಪ ಒಳ್ಳೆಯದನ್ನೇ ಬರೆದ ಹಾಗಾಗುತ್ತದೆ. ಗುಂಡಿ ಒತ್ತಿದೆ, ಅಷ್ಟೆ.

ಫೆಬ್ರವರಿ 14, ಗುರುವಾರ. ಕಾರಿನ ಸಾಲು, ಹತ್ತನೆಯವನು

ನೂರಕ್ಕೆ ನೂರು. ಡಾ. ಪ್ರಿಚರ್ಡ್ ಅವರ ಟಿಪ್ಪಣಿ: "ಹೃದಯದ ಭಾಗ ವಿಶೇಷವಾಗಿ ಆತ್ಮವಿಶ್ವಾಸದಿಂದ ಕೂಡಿದೆ."

ಗಣಿಯಲ್ಲಿ ಆರು ವರ್ಷ ನನ್ನದು ತಪಾಸಣೆಯ ಕೆಲಸ. ಪಾಳಿಯವರು ಇಳಿಯುವ ಮುಂಚೆ ಒಬ್ಬನೇ ಒಳಗೆಲ್ಲ ನಡೆಯಬೇಕು. ಅನಿಲ ಇದೆಯೇ, ಮೇಲ್ಛಾವಣಿ ಸಡಿಲವೇ. ನೋಡಿದ ಕಡೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಹೆಸರಿನ ಮೊದಲಕ್ಷರ. ಅಕ್ಷರ ಕಂಡರೆ ಜನ ಅದರ ಕೆಳಗೆ ಕೂತು ಊಟ ಬಿಚ್ಚುತ್ತಾರೆ. ಆರು ವರ್ಷ ಬರೆದೆ. ನಡೆಯದೆ ಬರೆದದ್ದು ಎರಡು ಸಲ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಇಷ್ಟು ವರ್ಷ ನನ್ನ ಸಮಾಧಾನ.

ಹೇಳಬೇಕು. ಇವತ್ತಲ್ಲ. ಜೋಸಿ ಕಾಗದದ ಹೃದಯಗಳ ಚೀಲ ಹಿಡಿದು ಓಡಿ ಬರುತ್ತಿದ್ದಾಳೆ.

ಮಾರ್ಚ್ 5, ಮಂಗಳವಾರ

ಬಹಳ ದಿನ ಬರೆದಿಲ್ಲ. ಹೊಸ ಕೋರ್ಸ್ ಶುರು. ಸಮುದಾಯ ಆರೋಗ್ಯ. ವಾರಕ್ಕೆ ತೊಂಬತ್ತು ಪುಟ. ಮಾರಿಬೆತ್ ಆಲ್ಜೀಬ್ರಾದಲ್ಲಿ ಫೇಲ್. ಬೆಳಿಗ್ಗೆ ಐದೂವರೆಗೆ ಅವಳೂ ನಾನೂ ಅಡುಗೆಮನೆಯ ಮೇಜಿನ ಎರಡು ತುದಿಯಲ್ಲಿ ಕೂರುತ್ತೇವೆ, ಇಬ್ಬರಿಗೂ ಅರ್ಥವಾಗದ್ದನ್ನು ಓದುತ್ತ.

ಓರ್ಲೀನಾ ಮೆಟ್ಟಿಲ ಮಧ್ಯೆ ನಿಲ್ಲುತ್ತಾರೆ. ಬಟ್ಟೆಯ ಬುಟ್ಟಿ ಕೆಳಗಿಟ್ಟು, ಗೋಡೆಯ ಫೋಟೋ ನೋಡುವ ಹಾಗೆ. ಎಂಟು ಮೆಟ್ಟಿಲು. ಮೊದಲೂ ನಿಲ್ಲುತ್ತಿದ್ದರೇ? ಗೊತ್ತಿಲ್ಲ. ನೋಡಿಲ್ಲ.

"ಆಯಾಸ ಆಗ್ತಿದ್ಯಾ ಮ್ಯಾಮಾ?"

"ಇನ್ನೂರ ಅರವತ್ತು ಮಕ್ಕಳಿಗೆ ಬಡಿಸಿ ಬಂದಿದ್ದೀನಿ. ನಿನಗಾಗಲ್ವಾ?"

ಸಂಜೆ ಟ್ರೀನಾ ಫೋನ್. ಮಕ್ಕಳ ಜೊತೆ ಮಾತಾಡಿದ ಮೇಲೆ ನನ್ನನ್ನು ಕೇಳಿದಳು.

"ಅಮ್ಮನ ದನಿ ಯಾಕೆ ಹಂಗಿದೆ?"

"ಹೇಗಿದೆ?"

"ನರ್ಸು ನೀನು. ನನ್ನನ್ನ ಕೇಳ್ತೀಯಾ. ನೋಡು ವೆಂಡಲ್, ಜಗಳಕ್ಕೆ ಹೇಳ್ತಿಲ್ಲ. ಅಮ್ಮ ಇದಾರೆ ಅಂತ ನಾನು ಸುಮ್ನಿದ್ದೀನಿ. ಅವರಿಗೇನಾದ್ರೂ ಆದ್ರೆ ಹುಡುಗೀರು ಇಲ್ಲಿಗೆ ಬರ್ತಾರೆ. ವಾರದಲ್ಲಿ ಮೂರು ದಿನ ಯಾರೂ ಇಲ್ಲದ ಮನೇಲಿ ಬಿಡಕ್ಕಾಗಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಅದೇ ತೊಂದರೆ.

ಜುಲೈವರೆಗೆ ನಾಲ್ಕು ತಿಂಗಳು. ನಾಲ್ಕು ತಿಂಗಳು ಏನೂ ಆಗದೆ ಇರಬಹುದು. ಹೀಗೆ ಯೋಚಿಸುವವನು ಯಾರು ಎಂದು ನೋಡುತ್ತ ಕೂತಿದ್ದೆ. ನಾನೇ.

ಮಾರ್ಚ್ 13, ಬುಧವಾರ

ಹೇಳಿದೆ.

ಕಾರಿನ ಸಾಲಿನಲ್ಲೇ. ಓರ್ಲೀನಾ ಕೆಲಸ ಮುಗಿಸಿ ಅಡುಗೆಮನೆಯ ಬಾಗಿಲಿನಿಂದ ಬಂದು ನನ್ನ ಪಕ್ಕ ಕೂತರು. ತಲೆಗೆ ಇನ್ನೂ ಬಲೆಯ ಟೋಪಿ. ಬೆಲ್ಲಿಗೆ ಇಪ್ಪತ್ತು ನಿಮಿಷ.

"ಮ್ಯಾಮಾ, ಆವತ್ತು ವಿಡಿಯೋದಲ್ಲಿ ನಾನು ಒಂದು ಸುಳ್ಳು ಹೇಳಿದೆ. ನಿಮ್ಮ ಎದೇಲಿ ಒಂದು ಸದ್ದಿದೆ."

ಅವರು ಟೋಪಿ ತೆಗೆದು ಮಡಿಸಿದರು. "ಇದೆ. ಗೊತ್ತು."

"ಗೊತ್ತು ಅಂದ್ರೆ?"

"ಎರಡು ವರ್ಷ ಆಯ್ತು. ಹ್ಯಾಜರ್ಡ್ ಊರಲ್ಲಿ ಡಾಕ್ಟ್ರು ಹೇಳಿದ್ರು, ಬಾಗಿಲು ಕಿರಿದಾಗ್ತಿದೆ, ಲೆಕ್ಸಿಂಗ್ಟನ್ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ, ಹಾಕಿಸಿಕೊಳ್ಳಿ ಹೊಸದು ಅಂತ. ನೀನು ಆಗ ತಾನೇ ಕಾಲೇಜಿಗೆ ಸೇರಿದ್ದೆ. ಸೇರಿ ಮೂರು ವಾರ."

ಮುಂದಿನ ಕಾರು ಸರಿಯಿತು. ನಾನು ಸರಿಸಲಿಲ್ಲ. ಹಿಂದಿನವಳು ಹಾರ್ನ್ ಒತ್ತಿದಳು.

"ಮತ್ಯಾಕೆ ಕೂತ್ಕೊಂಡ್ರಿ ವಿಡಿಯೋಗೆ?"

"ಯಾಕೆ ಅಂದ್ರೆ... ಬಾಯಿ ಬಿಟ್ಟು ಹೇಳಕ್ಕೆ ಬರಲಿಲ್ಲ. ನೀನಾಗೇ ಕಂಡುಹಿಡಿದ್ರೆ ಸರಿ ಅನ್ನಿಸ್ತು. ಕಂಡುಹಿಡಿದ್ರೆ ಹೋಗೋಣ, ಇಲ್ಲಾಂದ್ರೆ ಇಲ್ಲ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ನಿನ್ನ ಮುಖ ನೋಡ್ತಿದ್ದೆ. ಅಲ್ಲೇ ನಿಂತೆ ನೀನು. ಮೂರು ಉಸಿರು. ಆಮೇಲೆ ಏನೂ ಇಲ್ಲ ಅಂದು ಹೊಟ್ಟೆ ನೋಡಕ್ಕೆ ಹೋದೆ. ಸರಿ, ಇವನಿಗೆ ಗೊತ್ತಾಯ್ತು, ಜುಲೈವರೆಗೆ ತಳ್ಳೋಣ ಅಂತಿದಾನೆ ಅಂದ್ಕೊಂಡೆ. ನನಗೂ ಅದೇ ಬೇಕಿತ್ತು."

"ನಾನು ಹಾಗೆ ಅಂದ್ಕೊಳ್ಳಲಿಲ್ಲ ಮ್ಯಾಮಾ."

"ಏನು ಅಂದ್ಕೊಂಡೆ ಮತ್ತೆ?"

ಕಾರನ್ನು ಒಂದು ಜಾಗ ಮುಂದೆ ಸರಿಸಿದೆ.

"ಈಗ ಹೋಗೋಣ," ಎಂದೆ. "ಈ ವಾರವೇ."

"ಹೋಗಿ? ಎರಡು ತಿಂಗಳು ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ ಅಂತಾರೆ. ಶುಕ್ರವಾರದಿಂದ ಭಾನುವಾರ ಈ ಹುಡುಗೀರನ್ನ ಯಾರು ನೋಡ್ತಾರೆ? ನೀನು ಓದು ಬಿಡ್ತೀಯಾ, ಕೆಲಸ ಬಿಡ್ತೀಯಾ? ಟ್ರೀನಾ ಬಂದು ಕರ್ಕೊಂಡು ಹೋಗ್ತಾಳೆ. ಜುಲೈನಲ್ಲಿ ನಿನ್ನ ಡಿಗ್ರಿ ಕಾಗದ ಬರ್ಲಿ. ಮಾರನೇ ದಿನ ಆಸ್ಪತ್ರೆಗೆ ಬರ್ತೀನಿ. ಮಾತು."

ಬೆಲ್ಲಾಯಿತು. ಜೋಸಿ ಹಿಂದಿನ ಸೀಟಿಗೆ ಹತ್ತಿ, ಇಬ್ಬರ ಮುಖ ನೋಡಿ, "ಯಾರು ಯಾರಿಗೆ ಬೈದ್ರು?" ಎಂದು ಕೇಳಿದಳು.

ಮಾರ್ಚ್ 14, ಗುರುವಾರ. ಬೆಳಿಗ್ಗೆ 5:30

ಎರಡು ವರ್ಷ ಈ ಮನೆಯಲ್ಲಿ ಒಬ್ಬರು ನನ್ನ ಪರೀಕ್ಷೆಗಳ ತಾರೀಖು ನೋಡಿಕೊಂಡು ತಮ್ಮ ಹೃದಯವನ್ನು ಮುಂದೂಡುತ್ತಿದ್ದರು. ಪಾಸಾದ ಪ್ರತಿ ಕೋರ್ಸಿಗೂ ಅವರು ಕೇಕ್ ಮಾಡಿದ್ದಾರೆ. ಏಳು ಕೇಕ್. ತಿಂದಿದ್ದೇನೆ.

ಮಾರಿಬೆತ್ ಮೇಜಿನ ಆ ತುದಿಯಿಂದ: "ಅಪ್ಪಾ, ಅದೇ ಪುಟ ಅರ್ಧ ಗಂಟೆಯಿಂದ ನೋಡ್ತಿದ್ದೀಯ."

ಮಾರ್ಚ್ 18, ಸೋಮವಾರ

ಶಾಲೆಯಿಂದ ಫೋನ್. ಓರ್ಲೀನಾ ಹಾಲಿನ ಕ್ರೇಟ್ ಎತ್ತುವಾಗ ನೆಲದ ಮೇಲೆ ಕೂತುಬಿಟ್ಟರಂತೆ. ಬೀಳಲಿಲ್ಲ, ಕೂತೆ ಎನ್ನುತ್ತಾರೆ. ತುಟಿಯ ಬಣ್ಣ ಸರಿಯಿರಲಿಲ್ಲ. ಊಟದ ಸಾಲಿನಲ್ಲಿದ್ದ ಜೋಸಿ ನೋಡಿದ್ದಾಳೆ.

"ಆಸ್ಪತ್ರೆ ಗೀಸ್ಪತ್ರೆ ಬೇಡ," ಎಂದರು. "ಜುಲೈ ಅಂತ ಮಾತಾಗಿದೆ."

ಅವರ ಕೈಯಲ್ಲಿ ಇರುವುದು ಆ ಒಂದೇ ಕಾರಣ. ಜುಲೈ. ಅದನ್ನು ನಾನೇ ಕೊಟ್ಟದ್ದು.

ಮಾರ್ಚ್ 19. ಮಧ್ಯಾಹ್ನ 2:20. ಹನ್ನೊಂದನೆಯವನು

ಡಾ. ಪ್ರಿಚರ್ಡ್‌ಗೆ ಬರೆದೆ. ಏಳು ಸಾಲು. ಫೆಬ್ರವರಿ 6ರ ವಿಡಿಯೋದಲ್ಲಿ ಹೃದಯದ ಬಗ್ಗೆ ನಾನು ಹೇಳಿದ್ದು ಕೇಳಿಸಿದ್ದಲ್ಲ. ಕೇಳಿಸಿದ್ದು ಬೇರೆ. ಅದು ಏನೆಂದು ನನಗೆ ಆಗಲೇ ಗೊತ್ತಿತ್ತು. ಅಂಕ ಹಿಂದಕ್ಕೆ ತೆಗೆದುಕೊಳ್ಳಿ.

ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟೆತೊಸ್ಕೋಪಿನ ಸದ್ದು ಕ್ಯಾಮೆರಾಕ್ಕೆ ಬರುವುದಿಲ್ಲ. ಪ್ರಾಮಾಣಿಕತೆ ಎಂದು ಇದಕ್ಕೆ ಹೆಸರಿಡಲಾರೆ. ಅದು ಬೇಕಿದ್ದದ್ದು ಆರು ವಾರ ಹಿಂದೆ. ಇದು ಜುಲೈ ಎಂಬ ಒಂದು ತಾರೀಖನ್ನು ಅಳಿಸಲು ಮಾತ್ರ.

ಒಂದು ಗುಂಡಿ. ಒತ್ತಿದೆ. ವೈಫೈ ಇತ್ತು.

ಮಾರ್ಚ್ 21, ಗುರುವಾರ

ಉತ್ತರ ಬಂತು. ಕೋರ್ಸ್ ಅನೂರ್ಜಿತ. ಸಮಿತಿಯ ಮುಂದೆ ವಿವರಣೆ ಕೊಡಬೇಕು. ಒಪ್ಪಿದರೆ ಶರತ್ಕಾಲದಲ್ಲಿ ಮತ್ತೆ ಅದೇ ಕೋರ್ಸ್. ಪದವಿ ಡಿಸೆಂಬರಿಗೆ, ಎಲ್ಲ ಸರಿಹೋದರೆ. ಶಾಲೆಯ ಕೆಲಸ ಅಷ್ಟರಲ್ಲಿ ಬೇರೆಯವರದು. ಕೊನೆಯಲ್ಲಿ ಒಂದು ಸಾಲು, ಕಚೇರಿಯ ಭಾಷೆಯಲ್ಲಿ ಅಲ್ಲ: "ವಿಡಿಯೋ ಮತ್ತೆ ನೋಡಿದೆ. ನೀವು ನಿಂತದ್ದು ನನಗೂ ಕಾಣಿಸುತ್ತದೆ. ಆಗ ಕಾಣಿಸಲಿಲ್ಲ. ಆಕೆಯನ್ನು ಕರೆದುಕೊಂಡು ಹೋಗಿ."

ಓದಿ ಹೇಳಿದೆ. ಓರ್ಲೀನಾ ಬಟಾಣಿ ಸುಲಿಯುತ್ತಿದ್ದರು. ನಿಲ್ಲಿಸಲಿಲ್ಲ.

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಇಲ್ಲ."

"ಎರಡು ವರ್ಷ. ಮೂರು ಜನದ ಬಟ್ಟೆ ಒಗೆದಿದ್ದೀನಿ ಅದಕ್ಕೋಸ್ಕರ. ಬಾಗಿಲ ಹತ್ರ ಕಾವಲು ಕೂತಿದ್ದೀನಿ, ಅಪ್ಪ ಪರೀಕ್ಷೆ ಬರೀತಿದಾನೆ ಸದ್ದು ಮಾಡಬೇಡಿ ಅಂತ. ಏಳು ಸಾಲು ಬರೆದು ಎಸೆದ್ಯಾ?"

"ಈಗ ಜುಲೈ ಇಲ್ಲ ಮ್ಯಾಮಾ. ಡಿಸೆಂಬರ್. ಡಿಸೆಂಬರ್‌ವರೆಗೆ ತಡೀತೀರಾ?"

ನನ್ನ ಕಡೆ ನೋಡಿದರು. ಕೆಟ್ಟ ಮಾತು ಬರುತ್ತದೆ ಎಂದುಕೊಂಡೆ. ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮಾರ್ಚ್ 24, ಭಾನುವಾರ. ಪಾಳಿಯಿಂದ ಬಂದ ಮೇಲೆ

ಮೂರು ದಿನ ಮಾತಿಲ್ಲ. ಮಾರಿಬೆತ್ ಮೂಲಕ ಸಂದೇಶ. "ಉಪ್ಪು ಕೊಡ್ಬೇಕಂತೆ." "ಉಪ್ಪು ಅಲ್ಲೇ ಇದೆಯಂತೆ." ಕೊನೆಗೆ ಮಾರಿಬೆತ್ ಚಮಚ ಕೆಳಗಿಟ್ಟು, "ನನಗೆ ಹದಿನಾಲ್ಕು. ಈ ಮನೇಲಿ ಅತಿ ದೊಡ್ಡವಳು ನಾನೇ," ಎಂದಳು.

ಇವತ್ತು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಓರ್ಲೀನಾ ಅವರ ಕೈಬರಹ. ಏಪ್ರಿಲ್ 9. ಲೆಕ್ಸಿಂಗ್ಟನ್. ಅದರ ಕೆಳಗೆ ಚಿಕ್ಕದಾಗಿ: ಮಕ್ಕಳಿಗೆ ನಾನೇ ಹೇಳ್ತೀನಿ.

ಏಪ್ರಿಲ್ 7

ಆರು ವಾರ ರಜೆ ಕೇಳಿದೆ. ನಾಲ್ಕು ಸಿಕ್ಕಿತು. ಟ್ರೀನಾ ಬರುತ್ತಾಳೆ, ಮೊದಲ ವಾರಕ್ಕೆ. ಆಮೇಲೆ ಮಾತಾಡೋಣ ಎಂದಳು. ಅದರ ಅರ್ಥ ನನಗೂ ಗೊತ್ತು, ಮಾರಿಬೆತ್‌ಗೂ ಗೊತ್ತು. ಅವಳು ತನ್ನ ಪುಸ್ತಕಗಳನ್ನು ಎರಡು ರಾಶಿ ಮಾಡಿ, ಮತ್ತೆ ಒಂದು ಮಾಡಿ, ಮತ್ತೆ ಎರಡು ಮಾಡುತ್ತಿದ್ದಾಳೆ.

ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ 6:50. ಲೆಕ್ಸಿಂಗ್ಟನ್

ಓರ್ಲೀನಾ ಅವರಿಗೆ ಹಸಿರು ಗೌನು. ಕೈಗೆ ಪಟ್ಟಿ. ಹಲ್ಲಿನ ಸೆಟ್ ಡಬ್ಬಿಯಲ್ಲಿ. ಇನ್ನು ಹತ್ತು ನಿಮಿಷದಲ್ಲಿ ಒಳಗೆ ಕರೆದೊಯ್ಯುತ್ತಾರೆ. ಆ ಪುಸ್ತಕ ತೆಗಿ, ಬರ್ಕೋ ಎನ್ನುತ್ತಿದ್ದಾರೆ. ಬರೆಯುತ್ತಿದ್ದೇನೆ, ಅವರು ಹೇಳಿದ ಹಾಗೆ:

ಜೋಸಿಗೆ ರಾತ್ರಿ ಕಾಲುಚೀಲ ಹಾಕಿ ಮಲಗಿಸು, ಬೇಡ ಅಂತಾಳೆ, ಹಾಕು. ಗುರುವಾರ ಅವಳ ಕ್ಲಾಸಲ್ಲಿ ಸ್ಪೆಲ್ಲಿಂಗ್. ಹಿಂದಿನ ದಿನ ಕೇಳಿದ್ರೆ ಅಳ್ತಾಳೆ, ಬೆಳಿಗ್ಗೆ ಕಾರಲ್ಲಿ ಕೇಳು.

ಮಾರಿಬೆತ್ ಬಚ್ಚಲಲ್ಲಿ ಚಿಲಕ ಹಾಕ್ಕೊಂಡ್ರೆ ಬಾಗಿಲು ಬಡೀಬೇಡ. ಹೊರಗೆ ನೆಲದ ಮೇಲೆ ಕೂತ್ಕೋ. ಮಾತಾಡ್ಬೇಡ. ನೀನಿದ್ದೀಯ ಅಂತ ಗೊತ್ತಾಗೋ ಹಾಗೆ ಒಂದ್ಸಲ ಕೆಮ್ಮು, ಸಾಕು. ಬರ್ತಾಳೆ.

ಬೀನ್ಸಿಗೆ ಉಪ್ಪು ಕೊನೇಲಿ.

ಮಾರಿಬೆತ್ ತಿಂಗಳ ಹೊಟ್ಟೆನೋವು ಬರೋ ದಿನ ನಿನಗೆ ಹೇಳಲ್ಲ. ಕಪಾಟಿನ ಮೇಲಿನ ಖಾನೇಲಿ ಎಲ್ಲ ಇಟ್ಟಿದ್ದೀನಿ. ನೋಡದ ಹಾಗಿರು. ಖಾಲಿಯಾದಾಗ ತಂದಿಡು.

ನಗ್ಬೇಡ. ಬರಿ.

ನೀನು ಶರತ್ಕಾಲದಲ್ಲಿ ಸೇರ್ಕೋಬೇಕು. ಯಾರನ್ನಾದ್ರೂ ಹುಡುಕು, ವಯಸ್ಸಲ್ಲಿರೋರನ್ನ, ಎದೆ ಚೆನ್ನಾಗಿರೋರನ್ನ.

ಮಧ್ಯಾಹ್ನ ಟ್ರೀನಾ ಬರ್ತಾಳೆ. ಮಕ್ಕಳ ಮುಂದೆ ಬೇಡ. ಹೊರಗೆ ಕಾರಿನ ಹತ್ರ ಕರ್ಕೊಂಡು ಹೋಗಿ ಹೇಳು, ಅಮ್ಮ ಹೇಳಿದ್ರು, ಹುಡುಗೀರು ಈ ಮನೇಲೇ —